ಹನ್ನೆರಡು ಕಂತುಗಳ ಕೊಲೆ

ಆ ವರ್ಷ ಸಂಕ್ರಾಂತಿ ಕಳೆದು ಒಂದು ವಾರಕ್ಕೆ, ಬಾಳೆಗುಳಿ ಕ್ರಾಸಿನ ಹತ್ತಿರ ತಮ್ಮನ ಸ್ಕೂಟರು ಜಲ್ಲಿಯ ಮೇಲೆ ಜಾರಿ ನನ್ನ ಬಲಗಾಲು ಎರಡು ಕಡೆ ಮುರಿಯಿತು. ಯಾರ ತಪ್ಪೂ ಅಲ್ಲ. ತಮ್ಮನ ಮೊಣಕೈ ತರಚಿತು, ಅಷ್ಟೆ. ನಾನು ಆಗ ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಕಾರವಾರದ ಗಂಡನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಹೊಟ್ಟೆಯಲ್ಲಿ ಮೂರು ತಿಂಗಳಿನದು ಇತ್ತು. ಕಾಲಿಗೆ ಪ್ಲಾಸ್ಟರ್ ಹಾಕಿದ ಮರುದಿನ ಅದೂ ಹೋಯಿತು.

ಕಾಲಿನ ಬಗ್ಗೆ ಎಲ್ಲರೂ ಮಾತಾಡಿದರು. ಯಾವ ಎಲುಬು, ಎಷ್ಟು ವಾರ, ಯಾರ ಅತ್ತಿಗೆಗೆ ಹೀಗೇ ಆಗಿ ಆಮೇಲೆ ಸರಿಹೋಯಿತು, ಬಾಂಗಡೆ ಮೀನು ತಿಂದರೆ ಎಲುಬು ಬೇಗ ಕೂಡುತ್ತದೋ ಕೋಳಿಯ ಕಾಲಿನ ಸೂಪು ಕುಡಿದರೋ, ಎಲ್ಲ ಚರ್ಚೆಯಾಯಿತು. ಇನ್ನೊಂದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಅದು ಆಗಿಯೇ ಇರಲಿಲ್ಲ ಎಂಬಂತೆ ಎಲ್ಲರೂ ಒಪ್ಪಂದಕ್ಕೆ ಬಂದುಬಿಟ್ಟಿದ್ದರು.

ಮನೆ ಇದ್ದದ್ದು ಮೀನುಪೇಟೆಯ ಹಿಂದಿನ ಓಣಿಯಲ್ಲಿ, ಹಳೆಯ ಕಟ್ಟಡವೊಂದರ ಮಾಳಿಗೆಯ ಮೇಲೆ. ಹತ್ತೊಂಬತ್ತು ಮರದ ಮೆಟ್ಟಿಲು, ಏಣಿಯಷ್ಟೇ ಕಡಿದು. ನಾಲ್ಕು ಜನ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತು ತಂದರು. ತಿರುವಿನಲ್ಲಿ ಕುರ್ಚಿ ಸಿಕ್ಕಿಹಾಕಿಕೊಂಡಿತು. ಅವರಲ್ಲೊಬ್ಬ, "ಬಾಯೇರೆ, ಇನ್ನು ಕೆಳಗೆ ಇಳಿಸೂಕೆ ನಮ್ಮನ್ನ ಕರಿಬೇಡಿ" ಅಂದ. ಎಲ್ಲರೂ ನಕ್ಕರು. ಅವನು ಹೇಳಿದ್ದು ಹೆಚ್ಚುಕಡಿಮೆ ನಿಜವೇ ಆಯಿತು. ಜನವರಿಯ ಕೊನೆಯಲ್ಲಿ ಹತ್ತಿದವಳು, ಎಪ್ರಿಲ್‌ನಲ್ಲಿ ಪ್ಲಾಸ್ಟರ್ ಕತ್ತರಿಸುವುದಕ್ಕೆ ಒಮ್ಮೆ ಹೊತ್ತುಕೊಂಡು ಹೋದದ್ದು ಬಿಟ್ಟರೆ, ಜೂನ್‌ವರೆಗೂ ಆ ಮೆಟ್ಟಿಲು ಇಳಿಯಲಿಲ್ಲ.

ಗಂಡನಿಗೆ ಕದ್ರಾದ ವಿದ್ಯುದಾಗಾರದಲ್ಲಿ ಕೆಲಸ. ಪಾಳಿಯ ಕೆಲಸವಾದ್ದರಿಂದ ಅಲ್ಲೇ ಕ್ವಾರ್ಟರ್ಸಿನಲ್ಲಿ ಉಳಿದು ವಾರದ ರಜೆಗೆ ಬರುತ್ತಿದ್ದರು. ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಅತ್ತೆಗೆ ಅರವತ್ತು ದಾಟಿತ್ತು. ಸಣ್ಣ ಜೀವ, ಬಿರುಸು ನಡಿಗೆ. ಮನೆಮಾತು ಕೊಂಕಣಿ. ಕಾರವಾರ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಮರಾಠಿ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಓದಿದ್ದರು. ಕನ್ನಡ ಬರುತ್ತಿತ್ತು, ಆದರೆ ಪೇಟೆಯಲ್ಲಿ ಕಲಿತ ಕನ್ನಡ. ನಾನು ಅಂಕೋಲೆಯ ಒಳಗಿನ ಊರಿನ ರೈತರ ಮನೆಯವಳು. ನನಗೆ ಬರುತ್ತಿದ್ದುದು ಬಸ್ಸಿನ ಕೊಂಕಣಿ: ಸರಿಯಿರಿ, ಇಳಿಯಬೇಕು, ಚಿಲ್ಲರೆ ಇಲ್ಲ. ಇಷ್ಟು ಬಂಡವಾಳದಲ್ಲಿ ನಾವಿಬ್ಬರೂ ಒಂದೂವರೆ ವರ್ಷ ಜಗಳವಿಲ್ಲದೆ ಕಳೆದಿದ್ದೆವು. ನಾನು ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಬರುತ್ತಿದ್ದುದರಿಂದ ಅದು ಸಾಧ್ಯವಾಗಿತ್ತು.

ಈಗ ಇಪ್ಪತ್ನಾಲ್ಕು ಗಂಟೆಯೂ ಒಂದೇ ಸೂರು. ಸಂಡಾಸಿಗೆ ಹತ್ತಿರವಾಗುತ್ತದೆಂದು ನನ್ನ ಮಂಚವನ್ನು ಹೊರಗಿನ ಕೋಣೆಯಲ್ಲಿ ಹಾಕಿದ್ದರು. ಎದುರಿಗೆ ಟೀವಿ, ಎಡಕ್ಕೆ ಕಿಟಕಿ. ಕಿಟಕಿಯಾಚೆ ಎದುರು ಕಟ್ಟಡದ ಗೋಡೆ. ಆ ಗೋಡೆಗೂ ಪಕ್ಕದ ಗೋಡೆಗೂ ನಡುವಿನ ಸಂದಿಯಲ್ಲಿ ಅಂಗೈಯಗಲದ ಸಮುದ್ರ ಕಾಣುತ್ತಿತ್ತು. ದೋಣಿಯೊಂದು ಆ ಸಂದಿಯನ್ನು ದಾಟಲು ಎಷ್ಟು ಹೊತ್ತು ಬೇಕೆಂದು ನಾನು ಎಣಿಸುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹಾರ್ನು ಕೇಳಿಸುತ್ತಿತ್ತು. ಎಂಟೂ ಹತ್ತಕ್ಕೆ ನನ್ನ ಬಸ್ಸು ಹೊರಡುವ ಹೊತ್ತಿಗೆ ಮನಸ್ಸು ಮಂಚದಿಂದ ಎದ್ದು ಹೋಗಿಬಿಡುತ್ತಿತ್ತು, ಕಾಲು ಮಾತ್ರ ಸಿಮೆಂಟಿನ ಕಂಬದಂತೆ ಬಿದ್ದುಕೊಂಡಿರುತ್ತಿತ್ತು. ಫೆಬ್ರವರಿಯಲ್ಲೇ ಸೆಕೆ ಶುರುವಾಯಿತು. ಪ್ಲಾಸ್ಟರಿನೊಳಗೆ ಬೆವರು ಹರಿದು ಕೆರೆತ ಬಂದರೆ ಹೆಣಿಗೆಯ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಿದ್ದೆ. ಕಡ್ಡಿ ತಲುಪದ ಜಾಗದಲ್ಲೇ ಯಾವಾಗಲೂ ಕೆರೆತ.

ಒಂಬತ್ತು ಗಂಟೆಗೆ ಅತ್ತೆ ತರಕಾರಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದರು.

"ಬೀಗ ಎಂತಕೆ ಅತ್ತೆ? ನಾನು ಒಳಗೇ ಇರ್ತ್ನಲ್ಲ."

"ಯಾರಾದ್ರೂ ಬಂದ್ರೆ ನಿನ್ಗೆ ಏಳೂಕೆ ಆಗ್ತದಾ?"

"ಬೆಂಕಿಗಿಂಕಿ ಬಿದ್ರೆ?"

"ಬೆಂಕಿ ಎಂತಕೆ ಬೀಳ್ತದೆ ಗೋ? ಗ್ಯಾಸ್ ಬಂದ್ ಮಾಡಿದ್ದೆ."

ಬೀಗದ ಸದ್ದು, ಆಮೇಲೆ ಹತ್ತೊಂಬತ್ತು ಸಲ ಚಪ್ಪಲಿಯ ಸದ್ದು. ಆ ಮುಕ್ಕಾಲು ಗಂಟೆಯಲ್ಲಿ ಫೋನು ರಿಂಗಾದರೆ ರಿಂಗಾಗುತ್ತಲೇ ಇರುತ್ತಿತ್ತು. ಅದು ಇದ್ದದ್ದು ನನ್ನ ಮಂಚದಿಂದ ಎಂಟು ಹೆಜ್ಜೆ ದೂರದಲ್ಲಿ.

ಹಾಗೆ ನೋಡಿದರೆ ಅತ್ತೆಯೂ ಸಿಕ್ಕಿಬಿದ್ದಿದ್ದರು. ನನ್ನನ್ನು ಬಿಟ್ಟುಹೋಗಲಾರದೆ ಸೋಮವಾರದ ದೇವಸ್ಥಾನ ನಿಂತಿತು, ಸದಾಶಿವಗಡದ ತಂಗಿಯ ಮನೆಗೆ ಹೋಗುವುದು ನಿಂತಿತು. ನನ್ನ ತಲೆ ಬಾಚುವುದರಿಂದ ಹಿಡಿದು ಬೆಡ್‌ಪ್ಯಾನ್ ತೊಳೆಯುವವರೆಗೆ ಎಲ್ಲ ಅವರೇ ಮಾಡಬೇಕಿತ್ತು. ಮಾಡುತ್ತಿದ್ದರು, ಮಾತಿಲ್ಲದೆ. ಆ ಮೌನ ನನಗೆ ಸಿಟ್ಟಿನಂತೆ ಕಾಣುತ್ತಿತ್ತು. ಮೊಮ್ಮಗುವನ್ನು ಕಳೆದುಹಾಕಿದವಳ ಸೇವೆ ಮಾಡಬೇಕಾಗಿ ಬಂತಲ್ಲ ಅಂತ ಅವರಿಗೆ ಅನಿಸುತ್ತಿರಬೇಕು ಎಂದು ನಾನೇ ಊಹಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ.

ಆ ಧಾರಾವಾಹಿ ಶುರುವಾದದ್ದು ಫೆಬ್ರವರಿಯ ಎರಡನೇ ವಾರದಲ್ಲಿ. ಅತ್ತೆ ನೋಡುತ್ತಿದ್ದದ್ದು ಒಂದು ಮರಾಠಿ ಚಾನೆಲ್. ಮಂಗಳವಾರ, ಬುಧವಾರ ರಾತ್ರಿ ತೋರಿಸಿದ್ದನ್ನು ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಹಾಕುತ್ತಿದ್ದರು. ಎಂಟೂವರೆಗೆ ಮಲಗುವ ಅತ್ತೆಗೆ ಮಧ್ಯಾಹ್ನದ್ದೇ ಅನುಕೂಲ. ಊಟದ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮಂಚದ ಕಾಲಬದಿಗೆ ಕುಳಿತರು. ನಾನು ಗೋಡೆಯ ಕಡೆಯೇ ಮುಖ ಮಾಡಿದ್ದೆ.

"ಹನ್ನೆರಡೇ ಕಂತು ಅಂತೆ" ಅಂದರು. "ವರ್ಷಗಟ್ಲೆ ಎಳೆಯೂದಿಲ್ಲ. ನೋಡು, ಖೂನ್‌ದು."

ಹನ್ನೆರಡೇ ಎಂದದ್ದು ನನ್ನನ್ನು ತಿರುಗಿಸಿತು. ನನ್ನ ದಿನಗಳಲ್ಲಿ ಮುಗಿಯುವಂಥದ್ದು ಯಾವುದೂ ಇರಲಿಲ್ಲ.

ಘಟ್ಟದ ಮೇಲಿನ ಒಂದು ಪೇಟೆ, ಮಂಜು, ಕಲ್ಲಿನ ಬಂಗಲೆ. ನಿವೃತ್ತನಾದ ಒಬ್ಬ ವೃದ್ಧ ಡಾಕ್ಟರು ಸಂಜೆ ಚಹಾ ಕುಡಿದು ಕುರ್ಚಿಯಲ್ಲೇ ಸಾಯುತ್ತಾನೆ. ಮನೆಯಲ್ಲಿ ಇದ್ದವರು ಅವನ ಎರಡನೇ ಹೆಂಡತಿ, ಬಂಗಲೆಯ ಮೇಲೆ ಕಣ್ಣಿಟ್ಟ ಅಣ್ಣನ ಮಗ, ಹಳೆಯ ಕಂಪೌಂಡರು, ಮತ್ತೆ ಅಡಿಗೆಯವಳು. ತನಿಖೆಗೆ ಬರುವವಳು ನಿವೃತ್ತಿಗೆ ಹತ್ತಿರವಾದ ಒಬ್ಬ ಇನ್‌ಸ್ಪೆಕ್ಟರ್. ಅವಳಿಗೆ ಸದಾ ನೆಗಡಿ. ಮೂಗು ಕಟ್ಟಿರುವುದರಿಂದ ಯಾವ ವಾಸನೆಯೂ ಗೊತ್ತಾಗದ ಅವಳು ಎಲ್ಲರನ್ನೂ "ಇಲ್ಲಿ ಎಂಥ ವಾಸನೆ ಬರ್ತಿದೆ?" ಎಂದು ಕೇಳುತ್ತಾಳೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾರು ಯಾಕೆ ಹಾಗೆ ಹೇಳಿದರು ಎಂಬುದರಿಂದಲೇ ಅವಳ ತನಿಖೆ ಶುರು. ಇದನ್ನು ಅತ್ತೆ ನನಗೆ ಬಿಡಿಸಿ ಹೇಳಿದಾಗ ನಾನು ದಿಂಬಿಗೆ ಒರಗಿ ಕುಳಿತೆ. ಬರೆದವನು ತಲೆಯಿದ್ದವನು ಅನಿಸಿತು.

ಮೊದಲ ಕಂತಿನಲ್ಲಿ ನನಗೆ ಅರ್ಥವಾದದ್ದು ಅರ್ಧ. ಟೀವಿಯ ಮರಾಠಿ ಬಸ್ಸಿನ ಕೊಂಕಣಿಗಿಂತ ಬಹಳ ವೇಗ. ಒಂದು ಮಾತು ಹಿಡಿಯುವಷ್ಟರಲ್ಲಿ ಮೂರು ಹೋಗಿರುತ್ತಿದ್ದವು. ಅತ್ತೆ ಜಾಹೀರಾತು ಬಂದಾಗಲೆಲ್ಲ ನನ್ನ ಕಡೆ ತಿರುಗಿ ಕನ್ನಡ ಮಾಡುತ್ತಿದ್ದರು. ಎರಡನೇ ಕಂತಿಗೆ, ಜಾಹೀರಾತಿಗೆ ಕಾಯದೆ ನಡುನಡುವೆಯೇ ಹೇಳತೊಡಗಿದರು. ನಾವಿಬ್ಬರೂ ಅಷ್ಟು ಮಾತಾಡಿದ್ದು ಅದೇ ಮೊದಲು.

ಅತ್ತೆಯ ಕಣ್ಣು ಚುರುಕು. "ಪಳೆ, ನೋಡು, ಮೂರು ಜನ ಚಾ ಕುಡಿದ್ರು. ಅಡಿಗೆಯವಳು ತೊಳೆದದ್ದು ಎರಡೇ ಕಪ್ಪು" ಎಂದು ಅವರು ಹೇಳುವವರೆಗೆ ನಾನು ಕಪ್ಪುಗಳನ್ನು ನೋಡಿಯೇ ಇರಲಿಲ್ಲ. ನಾನು ಹಳೆಯ ನೋಟ್‌ಬುಕ್ಕೊಂದನ್ನು ತರಿಸಿಕೊಂಡು ಬರೆಯತೊಡಗಿದೆ. ಒಂದು ಪುಟಕ್ಕೆ ಒಬ್ಬರು. ಯಾರು ಎಲ್ಲಿ ನಿಂತಿದ್ದರು, ಯಾರು ಸುಳ್ಳು ಹೇಳಿದರು. ನನಗೆ ಸಿಕ್ಕಿದ್ದು ಅಡಿಗೆಮನೆಯ ಗೋಡೆಯ ಕ್ಯಾಲೆಂಡರು. ಅದು ಎಂಟು ವರ್ಷ ಹಳೆಯದು. ಒಂದು ತಿಂಗಳ ಹಾಳೆ ಹಾಗೇ ನಿಂತಿತ್ತು. ಇನ್‌ಸ್ಪೆಕ್ಟರ್ ಅದರ ಮುಂದೆ ಒಂದು ಕ್ಷಣ ನಿಂತು ಮೂಗು ಒರೆಸಿಕೊಂಡು ಮುಂದೆ ಹೋದಳು. ಕ್ಯಾಮೆರಾ ಮಾತ್ರ ಅಲ್ಲೇ ಉಳಿಯಿತು.

"ಅತ್ತೆ, ಕ್ಯಾಲೆಂಡರ್ ನೋಡಿದ್ರಾ?"

"ಹೌದಲ. ಅದು ಸುಮ್ಮಂಗೆ ತೋರ್ಸೂದಿಲ್ಲ."

ಅಂದಿನಿಂದ ಬುಧವಾರ ಬಂತೆಂದರೆ ಬೆಳಿಗ್ಗೆಯೇ ಮನೆಗೆ ಒಂದು ಕಳೆ. ಅತ್ತೆ ಒಂಬತ್ತೂವರೆಗೇ ತರಕಾರಿಯಿಂದ ವಾಪಸು. ಸಾರು ಬೇಗ, ಊಟ ಬೇಗ. ಬುಧವಾರ, ಗುರುವಾರ ಎರಡು ಗಂಟೆಗೆ ನಾನು ಕಾಲಿನೊಳಗೆ ಇರುತ್ತಿರಲಿಲ್ಲ, ಘಟ್ಟದ ಮಂಜಿನಲ್ಲಿ ಇರುತ್ತಿದ್ದೆ. ಮೂರು ಗಂಟೆಗೆ ಮತ್ತೆ ಮಂಚ, ಗೋಡೆ, ಸಂದಿಯ ಸಮುದ್ರ. ಶುಕ್ರವಾರದಿಂದ ಮಂಗಳವಾರದವರೆಗಿನ ಐದು ದಿನಗಳನ್ನು ನಾನು ಹಲ್ಲು ಕಚ್ಚಿ ದಾಟುತ್ತಿದ್ದೆ.

ನಾಲ್ಕನೇ ಕಂತಿನಲ್ಲಿ ಇನ್‌ಸ್ಪೆಕ್ಟರ್ ಡಾಕ್ಟರನ ಹಳೆಯ ರಿಜಿಸ್ಟರ್ ತೆರೆಯುತ್ತಾಳೆ. ಒಂದು ಹೆಸರಿನ ಮೇಲೆ ಬೆರಳಿಟ್ಟು, ಕಂಪೌಂಡರನ ಮುಖ ನೋಡುತ್ತ, "ತಿಲಾ ದಿವಸ ಗೇಲೆ ಹೋತೆ" ಅನ್ನುತ್ತಾಳೆ. ಅವನು ತಲೆ ತಗ್ಗಿಸುತ್ತಾನೆ.

"ಎಂತ ಹೇಳಿದ್ಳು ಅತ್ತೆ?"

ಅತ್ತೆ ನನ್ನ ಹೊದಿಕೆ ಸರಿಮಾಡಿದರು. "ದಿನ ಹೋದ್ವು ಅಂತ. ಬಹಳ ದಿನ ಆಗಿಹೋಯ್ತು ಅಂತ."

ನನಗೆ ರೋಮಾಂಚನವಾಯಿತು. ಎಂಟು ವರ್ಷದ ಕ್ಯಾಲೆಂಡರು, ಹೋದ ದಿನಗಳು. ಅಂದರೆ ಇದು ತಾರೀಖಿನ ಆಟ. ಡಾಕ್ಟರನ ಉಯಿಲಿನಲ್ಲಿ ಯಾರೋ ತಾರೀಖು ತಿದ್ದಿದ್ದಾರೆ. ಅಣ್ಣನ ಮಗನೇ ಸೈ. ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದೆ.

ಐದನೇ ಕಂತಿನ ದಿನ ಎರಡಕ್ಕೆ ಐದು ನಿಮಿಷ ಇರುವಾಗ ಕರೆಂಟು ಹೋಯಿತು. ಬಂದದ್ದು ನಾಲ್ಕೂವರೆಗೆ. ಗಂಡ ಕರೆಂಟು ಹುಟ್ಟಿಸುವ ಕಡೆಯೇ ಕೆಲಸ ಮಾಡುತ್ತಾರೆ, ನಮಗೆ ಮಾತ್ರ ಕರೆಂಟಿಲ್ಲ ಎಂದು ನಾನು ಅತ್ತುಬಿಟ್ಟೆ. ಒಂದು ಧಾರಾವಾಹಿಗೆ ಅಷ್ಟು ಅಳು ಬಂದದ್ದಕ್ಕೆ ನನಗೇ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಮೀನಿನವಳು ಕೆಳಗೆ ನಿಂತು ಕೂಗಿದಾಗ, ಯಾವಾಗಲೂ ಹಗ್ಗ ಕಟ್ಟಿ ಬುಟ್ಟಿ ಇಳಿಸುವ ಅತ್ತೆ ಆ ದಿನ ಅವಳನ್ನೇ ಮೇಲೆ ಕರೆದರು. ಅವಳು ಧಾರಾವಾಹಿಯನ್ನು ರಾತ್ರಿಯೇ ನೋಡುವವಳು.

ಮೀನಿನವಳು ಬಾಗಿಲಲ್ಲಿ ಬುಟ್ಟಿ ಇಳಿಸಿ, ಮೇಲಿನ ಮೆಟ್ಟಿಲ ಮೇಲೆ ಕುಳಿತು, ಕೊಂಕಣಿಯಲ್ಲಿ ಕತೆ ಹೇಳಿದಳು. ಹೇಳಿದ್ದಲ್ಲ, ಆಡಿ ತೋರಿಸಿದಳು. ಇನ್‌ಸ್ಪೆಕ್ಟರಳ ನೆಗಡಿ, ಎರಡನೇ ಹೆಂಡತಿಯ ಬಿಗಿದ ಬಾಯಿ, ಕಂಪೌಂಡರನ ಕುಂಟು ಎಲ್ಲವೂ ಅವಳ ಮೈಮೇಲೆ ಬಂದವು. ನಾನು ನಗುತ್ತಿದ್ದೆ. ಅಡಿಗೆಯವಳಿಗೆ ಒಬ್ಬ ಮಗಳಿದ್ದಳು ಎಂಬಲ್ಲಿಗೆ ಬಂದಾಗ ಅವಳು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮುಖ ಕಿವುಚಿದಳು.

"ಪುರೋ" ಅಂದರು ಅತ್ತೆ. ಸಾಕು.

ಮೀನಿನವಳು ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಪ್ಲಾಸ್ಟರ್ ನೋಡಿದಳು. ಬಾಯಿ ಮುಚ್ಚಿಕೊಂಡು ಬುಟ್ಟಿ ಎತ್ತಿಕೊಂಡು ಎದ್ದಳು. ಆ ದಿನ ಅತ್ತೆ ಐದು ಬಾಂಗಡೆ ಕೇಳಿದ್ದಕ್ಕೆ ಅವಳು ಏಳು ಹಾಕಿಹೋಗಿದ್ದಳು.

"ಎಂತಕೆ ಕಳ್ಸಿದ್ರಿ? ಕತೆ ಮುಗೀಲಿಲ್ಲಾಗಿತ್ತು."

"ಅವಳಿಗೆ ಇನ್ನೂ ಹತ್ತು ಮನೆ ಹೋಗೂಕೆ ಅದೆ."

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ಮಗಳು. ಹೊಟ್ಟೆನೋವು. ವಿಷವನ್ನು ಮೊದಲು ಮಗಳ ಮೇಲೆ ಪ್ರಯೋಗ ಮಾಡಿದರೇ?" ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಎದುರಿಗೇ ಇದ್ದದ್ದನ್ನು ನೋಡದಿರಲು ನನಗೆ ನನ್ನದೇ ಕಾರಣವೂ ಇದ್ದಿರಬೇಕು.

ಮುಂದಿನ ಕಂತುಗಳಲ್ಲಿ ಅತ್ತೆಯ ಕನ್ನಡ ಕಡಿಮೆಯಾಗುತ್ತ ಬಂತು. ಮಗಳ ಫೋಟೋ ತೋರಿಸಿದಾಗ "ಮುಂಬೈಗೆ ಹೋಗಿದ್ಳಂತೆ" ಅಂದರು. ಕೆಲವು ದೃಶ್ಯ ಬಂದಾಗ ಅವರಿಗೆ ಅಡಿಗೆಮನೆಯಲ್ಲಿ ಕೆಲಸ ನೆನಪಾಗುತ್ತಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಹುಡುಗಿಯೊಬ್ಬಳು ಬೆನ್ನು ಮಾಡಿ ನಡೆದುಹೋಗುವ ಒಂದು ದೃಶ್ಯದಲ್ಲಿ ಅವರು ಟೀವಿಯ ಮುಂದೆಯೇ ನಿಂತು ಕಿಟಕಿಯ ಪರದೆ ಸರಿಮಾಡಿದರು. ಅವರಿಗೆ ಬೇಸರ ಬಂದಿದೆ, ನನ್ನ ಜೊತೆ ಕೂರುವುದೇ ಸಾಕಾಗಿದೆ ಎಂದುಕೊಂಡೆ. ಇದ್ದ ಒಂದೇ ಕಿಂಡಿಯೂ ಮುಚ್ಚುತ್ತಿದೆ ಅನಿಸಿ ಭಯವಾಯಿತು.

ಹನ್ನೆರಡನೇ ಕಂತು ಮಾರ್ಚ್ ತಿಂಗಳಲ್ಲಿ ಬಂತು. ಕೊಂದವಳು ಅಡಿಗೆಯವಳು. ಅವಳು ತಪ್ಪೊಪ್ಪಿಕೊಳ್ಳುವುದು ಅಡಿಗೆಮನೆಯಲ್ಲಿ, ಹಿಟ್ಟು ನಾದುತ್ತ. ಸಂಗೀತವಿಲ್ಲ. ಕ್ಯಾಮೆರಾ ಅವಳ ಮುಖದಿಂದ ಕೈಗೆ ಇಳಿದು, ಮತ್ತೆ ಮುಖಕ್ಕೆ ಏರಿ, ಒಂದೇ ಸಮನೆ ನಾಲ್ಕೈದು ನಿಮಿಷ. ಇನ್‌ಸ್ಪೆಕ್ಟರ್ ಕೈಕಟ್ಟಿ ಕೇಳುತ್ತಾಳೆ, ಮೊದಲ ಸಲ ಮೂಗು ಒರೆಸಿಕೊಳ್ಳುವುದನ್ನು ಮರೆತು. ಭಾಷೆ ಗೊತ್ತಿಲ್ಲದ ನಾನೂ ನೋಟ್‌ಬುಕ್ಕು ಮುಚ್ಚಿಟ್ಟು ನೋಡಿದೆ.

"ಎಂತ ಹೇಳಿದ್ಳು?"

"ಡಾಕ್ಟರ ಅವಳ ಬಂಗಾರದ ಸರ ಕದ್ದಿದ್ನಂತೆ. ಅದ್ಕೆ."

"ಅಷ್ಟೊತ್ತು ಮಾತಾಡಿದ್ಳಲ್ಲ ಅತ್ತೆ. ಅಷ್ಟೇಯಾ?"

"ಅಷ್ಟೇ" ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋದರು. ಒಂದು ಸರಕ್ಕೆ ಅತ್ತೆ ಅತ್ತದ್ದು ನನಗೆ ವಿಚಿತ್ರವೆನಿಸಿತು.

ನನಗಂತೂ ಮೋಸ ಹೋದಂತಾಯಿತು. ಹನ್ನೊಂದು ಕಂತಿನಲ್ಲಿ ಎಲ್ಲೂ ಸರ ಕಾಣಿಸಿರಲಿಲ್ಲ. ಒಳ್ಳೆಯ ಪತ್ತೇದಾರಿ ಕತೆಗೆ ಒಂದು ಮರ್ಯಾದೆಯಿದೆ: ಉತ್ತರ ನೋಡುವವರ ಕಣ್ಣೆದುರೇ ಇರಬೇಕು, ಕೊನೆಯಲ್ಲಿ ಜೇಬಿನಿಂದ ತೆಗೆಯಬಾರದು. ಕಪ್ಪು, ವಾಸನೆ, ಕ್ಯಾಲೆಂಡರು ಎಂದು ಅಷ್ಟು ನಾಜೂಕಾಗಿ ಹೆಣೆದವರು ಕೊನೆಗೆ ಇಂಥ ಕಳ್ಳ ಗಂಟು ಹಾಕಿದರಲ್ಲ. ವಾರಗಟ್ಟಲೆ ಅತ್ತೆಯೊಡನೆ ವಾದಿಸಿದೆ. "ಹಾಗಾದ್ರೆ ಕ್ಯಾಲೆಂಡರ್ ಎಂತಕೆ?" ಅತ್ತೆ, "ಬರೆದವಂಗೆ ಮರೆತುಹೋಯ್ತು ಕಾಣ್ತದೆ" ಅನ್ನುತ್ತಿದ್ದರು.

ಎಪ್ರಿಲ್‌ನಲ್ಲಿ ಪ್ಲಾಸ್ಟರ್ ತೆಗೆದರು. ಒಳಗಿನಿಂದ ಹೊರಬಂದ ಕಾಲು ನನ್ನದಲ್ಲ, ಯಾವುದೋ ಮುದುಕಿಯದು. ಮೊಣಕಾಲು ಮಡಚುತ್ತಿರಲಿಲ್ಲ. ಮೆಟ್ಟಿಲಿಗೆ ಇನ್ನೂ ಒಂದೂವರೆ ತಿಂಗಳು ಬೇಕೆಂದರು. ಕೋಲು ಹಿಡಿದು ಕಿಟಕಿಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಬಾಗಿಲಿಗೆ ನಡೆಯುತ್ತಿದ್ದೆ. ಬಾಗಿಲಲ್ಲಿ ನಿಂತು ಕೆಳಗಿನ ಬೆಳಕು ನೋಡಿ ತಿರುಗುತ್ತಿದ್ದೆ. ಮಲಗಿದ್ದಾಗಿನ ಸೆರೆಗಿಂತ ಈ ನಡೆಯುವ ಸೆರೆ ಹೆಚ್ಚು ಕಷ್ಟದ್ದಾಗಿತ್ತು.

ಮೇ ತಿಂಗಳಲ್ಲಿ ಆ ಚಾನೆಲ್‌ನವರು ಎರಡು ಭಾನುವಾರ ಆರಾರು ಕಂತು ಒಟ್ಟಿಗೆ ಹಾಕುತ್ತೇವೆಂದು ತೋರಿಸಿದರು. ಸರ ಎಲ್ಲಿದೆ ನೋಡಿಯೇಬಿಡುತ್ತೇನೆಂದು ನಾನು ಕುಳಿತೆ. ಮೊದಲ ಭಾನುವಾರ ಗಂಡನೂ ಮನೆಯಲ್ಲಿದ್ದರು. ತಮ್ಮ ಹಿಂದಿನ ದಿನ ಅಂಕೋಲೆಯಿಂದ ಇಶಾಡು ಮಾವಿನ ಹಣ್ಣು ತಂದು, ಬಾಗಿಲಲ್ಲೇ ನಿಂತು, ನನ್ನ ಕಾಲಿನ ಕಡೆ ನೋಡದೆ ಕೊಟ್ಟು ಹೋಗಿದ್ದ. ಗಂಡ ನೆಲದ ಮೇಲೆ ಕುಳಿತು ಅದನ್ನು ಹೆಚ್ಚುತ್ತಿದ್ದರು. ಅತ್ತೆ ಬೆಳಿಗ್ಗೆಯಿಂದ ಮೂರು ಸಲ ಕರೆದಿದ್ದರು: ಬಾ, ತಲೆಗೆ ಎಣ್ಣೆ ಹಚ್ತೆ, ಬಾ, ಹಪ್ಪಳ ಒತ್ತೂಕೆ, ಬಾ, ಸೆಕೆಯಲ್ಲಿ ಎಷ್ಟೊತ್ತು ಟೀವಿ. ನಾನು ಏಳಲಿಲ್ಲ.

ರಿಜಿಸ್ಟರಿನ ದೃಶ್ಯ ಬಂತು.

"ಇಲ್ಲಿ ಕೇಳಿ" ಎಂದೆ ಗಂಡನಿಗೆ. "ದಿನ ಹೋದ್ವು ಅಂತಾಳೆ. ಯಾವ ದಿನ ಅಂತ ಕೊನೆವರೆಗೂ ಹೇಳೂದೇ ಇಲ್ಲ."

ಅವರು ತಲೆಯೆತ್ತದೆ ಹೇಳಿದರು: "ದಿನ ಅಲ್ಲ. ಅವಳು ಬಸುರಿ ಆಗಿದ್ಳು ಅಂತ. ಮರಾಠಿಲಿ ಹಾಗೇ ಹೇಳ್ತಾರೆ, ದಿವಸ ಗೇಲೆ."

ಹೇಳಿ ಮುಗಿಸಿದ ಮೇಲೆ ಅವರ ಚೂರಿ ಹಣ್ಣಿನಲ್ಲೇ ನಿಂತಿತು. ಎದ್ದು ಟೀವಿ ಬಂದ್ ಮಾಡಲು ಹೋದರು. ರಿಮೋಟ್ ನನ್ನ ಕೈಯಲ್ಲಿತ್ತು.

"ಮುಂದೆ ಹೇಳಿ" ಅಂದೆ.

"ಬ್ಯಾಡ."

"ಹೇಳಿ. ನಾನು ಇಲ್ಲಿಂದ ಎಲ್ಲೂ ಹೋಗೂದಿಲ್ಲ, ಹೋಗೂಕೆ ಆಗೂದೂ ಇಲ್ಲ."

ಅವರು ಮತ್ತೆ ಕುಳಿತು, ಸಣ್ಣ ದನಿಯಲ್ಲಿ, ಆ ಕಂತನ್ನೂ ಅದರ ಮುಂದಿನದನ್ನೂ ಹೇಳಿದರು. ಅಡಿಗೆಯವಳ ಮಗಳು ಬಸುರಿಯಾಗಿದ್ದಳು. ಜ್ವರಕ್ಕೆ ಡಾಕ್ಟರು ಅಜಾಗರೂಕತೆಯಿಂದ ಕೊಟ್ಟ ಔಷಧದಿಂದ ಮಗು ಹೋಯಿತು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಕ್ಯಾಲೆಂಡರು ನಿಂತದ್ದು ಆ ತಿಂಗಳಲ್ಲಿ. ಸರ ಯಾವ ಕಂತಿನಲ್ಲೂ ಇರಲಿಲ್ಲ, ಯಾಕೆಂದರೆ ಸರವೇ ಇರಲಿಲ್ಲ.

ನಾನು ಕೋಲು ಹಿಡಿದು ಅಡಿಗೆಮನೆಗೆ ಹೋದೆ. ಅತ್ತೆ ಬೆನ್ನು ಮಾಡಿ ನಿಂತು ತೆಂಗಿನಕಾಯಿ ತುರಿಯುವ ಈಳಿಗೆಯನ್ನು ತೊಳೆದದ್ದನ್ನೇ ತೊಳೆಯುತ್ತಿದ್ದರು. ಹೊರಗಿನ ಮಾತೆಲ್ಲ ಅವರಿಗೆ ಕೇಳಿಸಿತ್ತು.

"ನನ್ಗೆ ಎಂತಕೆ ಸುಳ್ಳು ಹೇಳಿದ್ರಿ?"

ಅವರು ಈಳಿಗೆಯ ಮೇಲೆ ಇನ್ನೊಂದು ತಂಬಿಗೆ ನೀರು ಸುರಿದರು.

"ಬಾಗಿಲಿಗೆ ಬೀಗ ಹಾಕಿದ್ರಿ, ಅಡ್ಡಿಲ್ಲ. ಟೀವಿಗೂ ಹಾಕಿದ್ರಿ. ನನ್ನ ಹೊಟ್ಟೇಲಿ ಇದ್ದದ್ದು ಹೋಯ್ತು ಅಂತ ನನ್ಗೆ ಗೊತ್ತಿಲ್ವಾ? ನಾಕು ತಿಂಗಳಾಯ್ತು, ಈ ಮನೇಲಿ ಒಬ್ರೂ ಒಂದು ಮಾತು ಆಡಲಿಲ್ಲ. ಹೇಳಿದ್ರೆ ಎಂತ ಆಗ್ತಿತ್ತು? ಅಳ್ತಿದ್ದೆ. ಅಷ್ಟೇ ಅಲ್ವಾ?"

"ಅತ್ರೆ ನಾನು ಎಂತ ಮಾಡ್ಲಿ ಗೋ?" ಅತ್ತೆ ಈಳಿಗೆಯನ್ನು ಕೆಳಗಿಟ್ಟರು. "ಇಲ್ಲಿ ಇದ್ದದ್ದು ನಾವು ಇಬ್ರೇ. ನಿನ್ನ ಅಮ್ಮ ಇಲ್ಲಿಲ್ಲ, ಅಂವ ಕದ್ರಾದಲ್ಲಿ. ನೀನು ಅತ್ತು ನಿಲ್ಸದೇ ಇದ್ರೆ?"

"ಒಂದು ಮಾತು ಆಡಬಹುದಿತ್ತು."

"ಯಾವ ಮಾತು? ನನ್ದು ಪ್ಯಾಟೆ ಕನ್ನಡ. ಬಟಾಟಿ ಹೇಗೆ ಅಂತ ಕೇಳೂಕೆ ಬತ್ತದೆ. ಬಸ್ ಎಷ್ಟೊತ್ತಿಗೆ ಅಂತ ಕೇಳೂಕೆ ಬತ್ತದೆ. ಇದನ್ನ ಕನ್ನಡದಲ್ಲಿ ಹೇಗೆ ಹೇಳೂದು ಅಂತ ನನ್ಗೆ ಗೊತ್ತಿಲ್ಲ. ನೀನು ಶಾಳೆಯಲ್ಲಿ ಕನ್ನಡ ಕಲಿಸುವವಳು. ತಪ್ಪು ಮಾತು ಬಂದ್ರೆ ನಿನ್ನ ಎದೆಗೆ ಚುಚ್ತದೆ ಅಂತ ಹೆದ್ರಿ ಸುಮ್ನಿದ್ದೆ."

ನಾನು ನಾಲ್ಕು ತಿಂಗಳು ಸಿಟ್ಟು ಎಂದುಕೊಂಡದ್ದು ಇದು. ನಾನು ಕೋಲನ್ನು ಗೋಡೆಗೆ ಒರಗಿಸಿದೆ. ಅತ್ತೆ ಕುರ್ಚಿ ಎಳೆದು ಕೂರಿಸಿದರು.

"ನಿಮ್ಮ ಭಾಷೇಲೇ ಹೇಳಿ ಹಾಗಾದ್ರೆ" ಅಂದೆ.

ಅತ್ತೆ ಕೊಂಕಣಿಯಲ್ಲಿ ಹೇಳಿದರು. ನನಗೆ ಮಾತುಮಾತಿಗೂ ಅರ್ಥವಾಯಿತು ಎಂದರೆ ಸುಳ್ಳಾಗುತ್ತದೆ. ನಾನು ಬಸುರಿ ಎಂದು ಗೊತ್ತಾದ ದಿನ ಅವರು ಟ್ರಂಕಿನಿಂದ ಹಳೆಯ ಹತ್ತಿಯ ಸೀರೆಗಳನ್ನು ತೆಗೆದು ಒಗೆದು ಒಣಗಿಸಿದ್ದರಂತೆ. ಮಗುವಿಗೆ ಹಾಸುವ ಗೋಧಡಿ ಹೊಲಿಯಲು. ಆಸ್ಪತ್ರೆಯಿಂದ ನಾನು ಬರುವ ಮೊದಲು ಅವನ್ನು ಯಾರಿಗೂ ಕಾಣದಂತೆ ಮತ್ತೆ ಕಟ್ಟಿಟ್ಟರಂತೆ. ಇಷ್ಟು ತಿಳಿಯಿತು. ನಾನು ಅತ್ತುಬಿಟ್ಟೆ. ಅವರು ಹೆದರಿದ್ದ ಹಾಗೆ ಬಹಳ ಹೊತ್ತು ಅಳುತ್ತಲೇ ಇದ್ದೆ. ಅವರು ಏನು ಮಾಡಬೇಕೆಂದು ತಿಳಿಯದೆ ನನ್ನ ಬೆನ್ನ ಮೇಲೆ ಒದ್ದೆ ಕೈಯಿಟ್ಟುಕೊಂಡು ನಿಂತೇ ಇದ್ದರು.

ಗಂಡ ಸಂಜೆಯ ಕದ್ರಾ ಬಸ್ಸಿಗೆ ಹೊರಡಬೇಕಿತ್ತು. ಚೀಲ ಹೆಗಲಿಗೆ ಹಾಕಿಕೊಂಡವರು ಮತ್ತೆ ಇಳಿಸಿ ಮಂಚದ ತುದಿಯಲ್ಲಿ ಕುಳಿತರು. ಅಪಘಾತದ ದಿನ ತಮಗೆ ಸುದ್ದಿ ಮುಟ್ಟಿದ್ದು ಪಾಳಿಯ ನಡುವೆ, ಟರ್ಬೈನಿನ ಗದ್ದಲದಲ್ಲಿ ಫೋನಿನ ಮಾತು ಅರ್ಧ ಕೇಳಿಸಿ ನಾನೇ ತೀರಿಹೋದೆನೆಂದು ತಿಳಿದಿದ್ದಾಗಿ ಹೇಳಿದರು. ಮಲ್ಲಾಪುರದವರೆಗೆ ಒಂದು ಟ್ರಾಕ್ಟರಿನಲ್ಲಿ, ಅಲ್ಲಿಂದ ಯಾರದೋ ಜೀಪಿನಲ್ಲಿ ಬಂದರಂತೆ. "ನೀನು ಬದುಕಿದ್ದಿ ಅಂತ ನೋಡಿದ ಮೇಲೆ ಉಳಿದದ್ದರ ಬಗ್ಗೆ ದುಃಖ ಮಾಡೂಕೆ ನನ್ಗೆ ನಾಚಿಕೆ ಆಯ್ತು" ಎಂದರು. ಆ ಮಾತು ಆಡಲು ಅವರಿಗೂ ನಾಲ್ಕು ತಿಂಗಳು ಬೇಕಾಗಿತ್ತು. ಬಸ್ಸು ತಪ್ಪಿತು. ಮರುದಿನ ಬೆಳಗಿನ ಬಸ್ಸಿಗೆ ಹೋದರು.

ಮುಂದಿನ ಭಾನುವಾರ ನಾನೂ ಅತ್ತೆಯೂ ಉಳಿದ ಆರು ಕಂತು ನೋಡಿದೆವು. ಈ ಸಲ ಅತ್ತೆ ಒಂದು ಮಾತನ್ನೂ ಬಿಡಲಿಲ್ಲ. ಕನ್ನಡ ಸಿಕ್ಕದ ಕಡೆ ಕೊಂಕಣಿ ಹಾಕಿದರು. ಅದೂ ನನಗೆ ತಿಳಿಯದಿದ್ದರೆ ಕೈಯಲ್ಲಿ ತೋರಿಸಿದರು. ಹಿಟ್ಟು ನಾದುವ ದೃಶ್ಯದಲ್ಲಿ ಅಡಿಗೆಯವಳು ಹೇಳುವುದು ಇದು: ಮಗು ಹೋದ ದಿನ ಅವಳು ಡಾಕ್ಟರನ ಹತ್ತಿರ ಹೋಗಿ ಕೇಳುತ್ತಾಳೆ. ಅವನು ಪೇಪರಿನಿಂದ ತಲೆಯೆತ್ತದೆ, ಇದೆಲ್ಲ ಆಗುತ್ತಿರುತ್ತದೆ, ಮರೆತುಹೋಗುತ್ತದೆ, ಚಹಾ ತಾ ಅನ್ನುತ್ತಾನೆ. ಅವಳು ಚಹಾ ತರುತ್ತಾಳೆ. ಎಂಟು ವರ್ಷ ತರುತ್ತಾಳೆ. ಅವನಿಗೆ ಮರೆತುಹೋಗಿದೆಯೇ ಎಂದು ದಿನಾ ಅವನ ಮುಖ ನೋಡುತ್ತಾಳೆ. ಒಂದು ದಿನ ಅವನು ಅವಳ ಮಗಳ ಹೆಸರೇ ಮರೆತಿರುವುದು ಗೊತ್ತಾಗುತ್ತದೆ.

ಕತೆಯಲ್ಲಿ ಮೋಸವಿರಲಿಲ್ಲ. ಕಪ್ಪು, ಕ್ಯಾಲೆಂಡರು, ವಾಸನೆ, ಎಲ್ಲ ಮೊದಲಿನಿಂದ ಕಣ್ಣೆದುರೇ ಇದ್ದವು. ಎರಡನೇ ಸಲ ಪೂರ್ತಿ ನೋಡಿದ ಮೇಲೆ, ಎರಡನೇ ಕಂತಿನಲ್ಲಿ ಇನ್‌ಸ್ಪೆಕ್ಟರ್ ಆ ಕ್ಯಾಲೆಂಡರಿನ ಮುಂದೆ ನಿಂತಾಗಲೇ ಅವಳಿಗೆ ಅರ್ಥವಾಗಿತ್ತು ಎಂದು ನನಗೆ ಹೊಳೆಯಿತು. ಉಳಿದ ಹತ್ತು ಕಂತು ಅವಳು ತನಿಖೆ ಮಾಡುತ್ತಿದ್ದದ್ದಲ್ಲ, ಆ ಹೆಂಗಸಿನ ಬಾಯಿಂದ ಆ ಮಾತು ತಾನಾಗಿ ಬರಲಿ ಎಂದು ಕಾಯುತ್ತಿದ್ದಳು. ಇದನ್ನು ಹೇಳಿದಾಗ ಅತ್ತೆ, "ಹೌದು. ಅವಳು ಚಲೋ ಪೊಲೀಸ್" ಅಂದರು.

ಜೂನ್‌ನಲ್ಲಿ ಶಾಲೆ ಶುರುವಾದ ವಾರ ನಾನು ಮೆಟ್ಟಿಲ ಮೇಲೆ ಕುಳಿತು, ಒಂದೊಂದಾಗಿ ಜಾರುತ್ತ ಇಳಿದೆ. ಅತ್ತೆ ನನಗಿಂತ ಒಂದು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯುವವರಂತೆ ಹಿಮ್ಮುಖವಾಗಿ ಇಳಿಯುತ್ತಿದ್ದರು. ಮೊಣಕಾಲು ಈಗಲೂ ಪೂರ್ತಿ ಮಡಚುವುದಿಲ್ಲ. ಬೀಗ ಹಾಕುವುದು ನಿಂತಿತು. ಅವರು ದೇವಸ್ಥಾನಕ್ಕೆ ಹೋಗತೊಡಗಿದರು. ನಾನು ಅವರಿಂದ ಕೊಂಕಣಿ ಕಲಿತೆ. ಸರಿಯಾಗಿ ಅಲ್ಲ, ಅತ್ತೆಗೆ ನಗು ಬರುವಷ್ಟು. ಆಮೇಲಿನ ವರ್ಷಗಳಲ್ಲಿ ಆ ಚಾನೆಲ್‌ನಲ್ಲಿ ಇನ್ನೂ ಎಷ್ಟೋ ಕೊಲೆಯ ಧಾರಾವಾಹಿಗಳು ಬಂದವು. ಇಬ್ಬರೂ ಕುಳಿತು ನೋಡುತ್ತಿದ್ದೆವು. ಎರಡು ಮೂರು ಕಂತಿಗೆ ಅತ್ತೆ ಎದ್ದುಬಿಡುತ್ತಿದ್ದರು.

"ಬ್ಯಾಡ, ಬಂದ್ ಮಾಡು" ಅನ್ನುತ್ತಿದ್ದರು. "ಕೊಲ್ಲೂಕೆ ಇವರಿಗೆ ಕಾರಣವೇ ಇಲ್ಲ."